ಸಿದ್ದಮ್ಮನ ಕಾಲು ಮತ್ತು ಹಸಿರು ಬಾಟಲಿ

ನಮ್ಮ ಸೀಮೆಯಲ್ಲಿ ತೆಂಗಿನ ತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವ ಹೆಂಗಸರು ಕಡಿಮೆ. ಕಾಯಿ ಆಯುವಾಗ, ಗರಿ ಎಳೆಯುವಾಗ, ಹಸುವಿಗೆ ಹುಲ್ಲು ಕೊಯ್ಯುವಾಗ ಬರಿಗಾಲೇ ಅಭ್ಯಾಸ. ಮುಳ್ಳು ಚುಚ್ಚುತ್ತದೆ, ಮಟ್ಟೆ ಗೀರುತ್ತದೆ. ಬೇಲಿಯಲ್ಲಿರುವ ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ, ರಸ ಹಿಂಡಿ, ಕೆಲಸ ಮುಂದುವರಿಸುತ್ತೇವೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಯಾವಾಗಲೂ ಹಾಗೇ ಇರುತ್ತದೆ ಎಂದು ನಂಬಿಬಿಡುತ್ತೇವೆ.

ದಂಡಿನಶಿವರದಿಂದ ಸ್ವಲ್ಪ ಒಳಗೆ ಹೋದರೆ ಸಿಗುವ ಊರಿನ ಸಿದ್ದಮ್ಮನಿಗೆ ಏನಾಯಿತು ಎಂದು ಹೇಳುತ್ತೇನೆ. ಸಮಾಧಾನವಾಗಿಯೇ ಹೇಳಬೇಕು ಎಂದುಕೊಂಡಿದ್ದೇನೆ. ನಡುವೆ ಎಲ್ಲಾದರೂ ದನಿ ಏರಿದರೆ, ಏರಬೇಕಾದ ಮಾತೇ ಇದು ಎಂದು ತಿಳಿಯಿರಿ.

ಸಿದ್ದಮ್ಮ ಮತ್ತು ಅವಳ ಗಂಡ ರೇವಣ್ಣನಿಗೆ ಸಣ್ಣದೊಂದು ತೆಂಗಿನ ತೋಟ, ರಾಗಿ ಬೆಳೆಯುವಷ್ಟು ಹೊಲ, ಕೊಟ್ಟಿಗೆಯಲ್ಲಿ ಹಸುಗಳು. ಮಗ ಮೋಹನ್ ತಿಪಟೂರಿಗೆ ಕಾಯಿ, ಕೊಬ್ಬರಿ ಸಾಗಿಸುವ ಗೂಡ್ಸ್ ಗಾಡಿ ಓಡಿಸುತ್ತಾನೆ. ಸೊಸೆ ಪವಿತ್ರ ಊರಿನ ಮಹಿಳಾ ಸಂಘದಲ್ಲಿ ಓಡಾಡುವವಳು. ಸಿದ್ದಮ್ಮನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಆಸ್ಪತ್ರೆಯಿಂದ ಮಾತ್ರೆ ತಂದು ತಪ್ಪದೆ ನುಂಗುತ್ತಿದ್ದಳು. ಅದನ್ನು ನೆನಪಿಟ್ಟುಕೊಳ್ಳಿ, ಅವಳು ಅಸಡ್ಡೆಯ ಹೆಂಗಸಲ್ಲ.

ಅವತ್ತು ಅಟ್ಟದಿಂದ ಒಣಗಿದ ಕಾಯಿ ಇಳಿಸಿ, ಸುಲಿದು, ಒಡೆದು ಕೊಬ್ಬರಿ ಗಿಟುಕು ತೆಗೆಯುವ ಕೆಲಸ ನಡೆದಿತ್ತು. ಹಿತ್ತಿಲ ತುಂಬ ಚಿಪ್ಪಿನ ಚೂರು. ಸಿದ್ದಮ್ಮ ನೀರು ಕುಡಿಯಲು ಒಳಗೆ ಬಂದಳು. ಪವಿತ್ರ ನೆಲ ನೋಡಿ ಗಾಬರಿಯಾದಳು.

"ಅತ್ತೆ, ಅಲ್ಲೇ ನಿಂತ್ಕಳಿ. ನೆಲವೆಲ್ಲ ರಕ್ತ ಆಗೈತೆ."

"ಯಾರ ಕಾಲಿಗೆ ಏನಾಯ್ತೇ?" ಎಂದು ಸಿದ್ದಮ್ಮ ಪವಿತ್ರಳ ಕಾಲನ್ನೇ ನೋಡಿದಳು.

"ನಿಮ್ದೇ ಕಣತ್ತೆ. ಎಡಗಾಲು ಎತ್ತಿ."

ಹೆಬ್ಬೆರಳ ಕೆಳಗೆ ಚಿಪ್ಪಿನ ಚೂರು ನೆಟ್ಟಿತ್ತು. ಹಿತ್ತಿಲಿಂದ ಅಡಿಗೆ ಮನೆಯವರೆಗೆ ಅದರ ಮೇಲೇ ಹೆಜ್ಜೆ ಊರಿಕೊಂಡು ಬಂದಿದ್ದಳು. ನೋವೇ ಗೊತ್ತಾಗಿರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಮಂಕಾಗುತ್ತವೆ. ಮುಳ್ಳು ಹೊಕ್ಕರೂ, ಕೆಂಡ ತಗುಲಿದರೂ ತಿಳಿಯದೆ ಹೋಗಬಹುದು. ನೋವಿಲ್ಲ ಎಂದರೆ ಗಾಯ ಸಣ್ಣದು ಎಂದು ಅರ್ಥವಲ್ಲ.

ಪವಿತ್ರ ಚೂರು ತೆಗೆದು, ಕಾಲನ್ನು ನೀರಿನಲ್ಲಿ ತೊಳೆದು, "ಬನ್ನಿ, ತುರುವೇಕೆರೆ ಆಸ್ಪತ್ರೆಗೆ ಹೋಗಿ ಒಂದು ಟಿಟಿ ಇಂಜೆಕ್ಷನ್ ಹಾಕಿಸ್ಕಂಡು, ಗಾಯ ತೋರಿಸ್ಕಂಡು ಬರಾನ" ಎಂದಳು.

ಜಗುಲಿಯ ಮೇಲಿದ್ದ ರೇವಣ್ಣ ಅಲ್ಲಿಂದಲೇ ಹೇಳಿದ. "ಇಷ್ಟಕ್ಕೆಲ್ಲ ಯಾಕವ್ವ ಆಸ್ಪತ್ರೆ? ಗಂಗರಾಜು ಕೊಟ್ಟ ಬಾಟ್ಲಿ ಐತಲ್ಲ. ಸುರ್ದು ಕಟ್ಟು."

ಗಂಗರಾಜು ಸಿದ್ದಮ್ಮನ ತಮ್ಮ. ಆ ಬಾಟಲಿ ಮನೆಗೆ ಬಂದದ್ದು ಹಿಂದಿನ ವಾರ. ಊರಿನ ಸಮುದಾಯ ಭವನದಲ್ಲಿ ಜ್ಞಾನೇಶ್ ಎಂಬುವನು ಒಂದು ಸಭೆ ಮಾಡಿದ್ದ. ಇಸ್ತ್ರಿ ಮಾಡಿದ ಅಂಗಿ, ಕಿವಿಗೆ ಸಿಕ್ಕಿಸಿದ ಮೈಕು, ನಯವಾದ ಮಾತು. ಹೊರಗೆ ವ್ಯಾನಿನ ತುಂಬ ಹಸಿರು ಬಾಟಲಿ. ಅವನಿಗೆ ಈ ಕಡೆಯ ಏಜೆಂಟ್ ಗಂಗರಾಜು.

ಜ್ಞಾನೇಶ್ ಪರದೆಯ ಮೇಲೆ ಒಂದು ವಿಡಿಯೊ ತೋರಿಸಿದ. ಅದರಲ್ಲಿ ಒಂದು ಗಾಜಿನ ತಟ್ಟೆ. ತಟ್ಟೆಯ ತುಂಬ ಮಂಜು ಕವಿದಂತೆ ಬೆಳ್ಳಗೆ ಬೆಳೆದ ಬ್ಯಾಕ್ಟೀರಿಯಾ. ನಡುವೆ ಎಲೆಯ ರಸ ಬಿಟ್ಟ ಜಾಗದ ಸುತ್ತ ಮಾತ್ರ ಶುಭ್ರವಾದ ಒಂದು ವೃತ್ತ. ಒಬ್ಬ ಹುಡುಗಿಯ ಬೆರಳು ಆ ವೃತ್ತವನ್ನು ತೋರಿಸುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಕೇಳಿಸುತ್ತಿತ್ತು. "ಇಲ್ಲಿ ನೋಡಿ, ಈ ಸುತ್ತಿನೊಳಗೆ ಬ್ಯಾಕ್ಟೀರಿಯಾ ಬೆಳೆದಿಲ್ಲ. ಈ ಎಲೆಯ ಸಾರ ಅದನ್ನು ತಡೆದಿದೆ. ಇದರಲ್ಲಿ ಆಂಟಿಆಕ್ಸಿಡೆಂಟ್ ಗುಣವೂ ಚೆನ್ನಾಗಿದೆ."

ಅಲ್ಲಿಗೆ ವಿಡಿಯೊ ಮುಗಿಯಿತು. ಭವನದಲ್ಲಿ ಗುಸುಗುಸು ಎದ್ದಿತು. ಅದು ಅನುಪಮಾಳ ದನಿ. ಅನುಪಮಾ ರೇವಣ್ಣನ ತಮ್ಮನ ಮಗಳು. ತುಮಕೂರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಔಷಧಿ ಗಿಡಗಳ ಎಲೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದವಳು. ಊರಿಗೆ ಬಂದಾಗಲೆಲ್ಲ ಸಿದ್ದಮ್ಮನ ಜೊತೆ ಬೇಲಿ ಸಾಲಿನಲ್ಲಿ ಅಲೆದು ಲಕ್ಕಿ, ತುಂಬೆ, ತಂಗಡಿ ಎಲೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದಳು. ಯಾವ ಸೊಪ್ಪು ಯಾವುದಕ್ಕೆ ಹಚ್ಚುತ್ತಿದ್ದರು ಎಂದು ಅವಳಿಗೆ ಹೇಳಿಕೊಟ್ಟವಳೇ ಸಿದ್ದಮ್ಮ.

"ಕೇಳಿದ್ರಾ, ನಮ್ಮ ಹುಡುಗೀನೇ ಹೇಳವ್ಳೆ" ಎಂದು ಗಂಗರಾಜು ಎದ್ದು ನಿಂತು ಹೇಳಿದ.

ಜ್ಞಾನೇಶ್ ಆ ಮಾತನ್ನು ಬಿಡಲಿಲ್ಲ. ಗಾಯ, ಕೀವು, ಕೆಮ್ಮು, ಹೊಟ್ಟೆನೋವು ಎಲ್ಲಕ್ಕೂ ಇದೊಂದೇ ಸಾಕು ಎಂದ. ಬೆಳಿಗ್ಗೆ ಸಂಜೆ ಎರಡು ಮುಚ್ಚಳ ಕುಡಿದರೆ ಸಕ್ಕರೆ ತಾನೇ ಇಳಿಯುತ್ತದೆ, ಮಾತ್ರೆ ನುಂಗಿ ಕಿಡ್ನಿ ಕೆಡಿಸಿಕೊಳ್ಳಬೇಡಿ ಎಂದ. ಎಷ್ಟು ಸಲೀಸಾಗಿ ಅಂದುಬಿಟ್ಟ. ಆ ಒಂದು ಮಾತು ಎಷ್ಟು ಮನೆಗಳ ಒಳಗೆ ಹೋಗಿ ಏನು ಮಾಡಿತು ಎಂದು ಅವನು ತಿರುಗಿ ನೋಡಿದವನಲ್ಲ.

ಸಿದ್ದಮ್ಮ ಅವತ್ತಿನಿಂದಲೇ ಸಕ್ಕರೆ ಮಾತ್ರೆ ಬಿಟ್ಟಿದ್ದಳು. ಅನುಪಮಾಗೆ ಒಂದು ಫೋನ್ ಮಾಡಿ ಕೇಳೋಣ ಎಂದು ಪವಿತ್ರ ಅಂದಿದ್ದಳು. "ಅವ್ಳೇ ಹೇಳಿರಾದನ್ನ ತಿರುಗಿ ಅವ್ಳನ್ನೇ ಕೇಳಾದೇನು, ಬುಡು" ಎಂದು ರೇವಣ್ಣ ತಳ್ಳಿಹಾಕಿದ್ದ.

ಈಗ ಗಾಯಕ್ಕೂ ಅದೇ ಬಾಟಲಿ. ಹಸಿರು ರಸ ಸುರಿದು ಹಳೇ ಬಟ್ಟೆ ಸುತ್ತಿದರು. ಸಿದ್ದಮ್ಮ ಮತ್ತೆ ಕೆಲಸಕ್ಕೆ ಹೋದಳು. ಕೊಟ್ಟಿಗೆ ಗುಡಿಸಿದಳು, ಸಗಣಿ ಬಾಚಿದಳು. ಬಟ್ಟೆ ಒದ್ದೆಯಾಗುತ್ತಿತ್ತು, ಒಣಗುತ್ತಿತ್ತು. ಬೆರಳು ಊದಿತು. ರಸ ಒಳಗಿನ ಕೆಟ್ಟದ್ದನ್ನೆಲ್ಲ ಹೊರಗೆ ಎಳೆಯುತ್ತಿದೆ, ಅದಕ್ಕೇ ಊದಿರುವುದು ಎಂದು ಗಂಗರಾಜು ಫೋನಿನಲ್ಲಿ ಸಮಜಾಯಿಷಿ ಕೊಟ್ಟ. ಬೆರಳು ಕಪ್ಪಾಯಿತು. ಅದಕ್ಕೂ ಅವನ ಬಳಿ ಒಂದು ಮಾತಿತ್ತು. ಇನ್ನೂ ಎರಡು ಮುಚ್ಚಳ ಜಾಸ್ತಿ ಕುಡಿಸಿ ಎಂದ.

ಪವಿತ್ರ ಸುಮ್ಮನಿರಲಿಲ್ಲ. "ಮಾವ, ಇದು ನಂಗೆ ಸರಿ ಕಾಣ್ತಿಲ್ಲ. ವಾಸ್ನೆ ಬತ್ತೈತೆ. ಇವತ್ತಾದ್ರೂ ಹೋಗಾನ" ಎಂದು ದಿನವೂ ಹೇಳಿದಳು.

"ಅವ್ನು ಅವಳ ಒಡಹುಟ್ಟಿದ ತಮ್ಮ ಕಣಮ್ಮ. ಅಕ್ಕನಿಗೆ ಕೆಟ್ಟದ್ದು ಮಾಡ್ತಾನಾ?" ಎಂದು ರೇವಣ್ಣ ಕೇಳಿದ.

ಸಿದ್ದಮ್ಮ ಸೊಸೆಯ ಕೈ ಹಿಡಿದು, "ನೋವೇ ಇಲ್ಲ ಕಣೇ. ನೀನು ಸುಮ್ನೆ ಎದರ್ಕಂತೀಯ" ಎಂದಳು.

ಮುಂದಿನ ಭಾನುವಾರ ಅನುಪಮಾ ಎಲೆ ಕೊಯ್ಯಲು ಚೀಲ ಹಿಡಿದುಕೊಂಡು ಬಂದಳು. ಹೊಸ್ತಿಲು ದಾಟಿದ ಕೂಡಲೇ ನಿಂತಳು. ಆ ವಾಸನೆ ಏನೆಂದು ಅವಳಿಗೆ ತಿಳಿಯಿತು. ಒಳಕೋಣೆಯಲ್ಲಿ ಸಿದ್ದಮ್ಮ ಕಂಬಳಿ ಹೊದ್ದು ನಡುಗುತ್ತಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. "ದೊಡ್ಡಮ್ಮ" ಎಂದು ಕರೆದರೆ ಯಾರೋ ಬೇರೆಯವರನ್ನು ನೋಡಿದಂತೆ ನೋಡಿದಳು.

ಅನುಪಮಾ ಕಾಲಿನ ಬಟ್ಟೆ ಬಿಚ್ಚಿದಳು. ಎರಡು ಬೆರಳು ಕಪ್ಪಾಗಿ, ಪಾದದ ಅರ್ಧದವರೆಗೆ ಕೆಂಪೇರಿತ್ತು. ಬಟ್ಟೆಯ ಜೊತೆ ಹಸಿರು ಬಣ್ಣದ ಕೀವು ಬಂತು.

"ಇದಕ್ಕೆ ಏನು ಹಾಕಿದೀರ? ಯಾವ ಡಾಕ್ಟ್ರಿಗೆ ತೋರಿಸಿದ್ರಿ?"

ರೇವಣ್ಣ ಹೆಮ್ಮೆಯಿಂದಲೇ ಬಾಟಲಿ ತಂದು ಮುಂದೆ ಹಿಡಿದ. "ನಿಂದೇ ಔಸ್ತಿ ಕಣವ್ವ. ನೀನು ಹೇಳಿದ್ದೇ ಹಾಕಿರಾದು."

"ನಾನು ಹೇಳಿದ್ದಾ? ನಾನು ಯಾವಾಗ ಹೇಳ್ದೆ?"

ಗಂಗರಾಜು ಕಳಿಸಿದ್ದ ವಿಡಿಯೊವನ್ನು ಪವಿತ್ರ ಫೋನಿನಲ್ಲಿ ತೋರಿಸಿದಳು. ಅನುಪಮಾ ತನ್ನ ಬೆರಳು ನೋಡಿದಳು, ತನ್ನ ದನಿ ಕೇಳಿದಳು. ವಿಡಿಯೊ ನಿಂತಾಗ ಮುಂದಿನ ಮಾತಿಗಾಗಿ ಮತ್ತೆ ಒತ್ತಿ ನೋಡಿದಳು.

"ಅತ್ತಿಗೆ, ಇದು ತುರುವೇಕೆರೇಲಿ ವಿಜ್ಞಾನ ಪ್ರದರ್ಶನ ಇತ್ತಲ್ಲ, ಅಲ್ಲಿ ನಾನು ಮಕ್ಕಳಿಗೆ ಹೇಳಿದ್ದು. ಇದಾದ ಮೇಲೆ ಇನ್ನೂ ಮಾತಿತ್ತು. 'ಆದರೆ ಇದು ಔಷಧ ಅಲ್ಲ, ತಟ್ಟೇಲಿ ಆಗಿದ್ದು ಮೈಯಲ್ಲೂ ಆಗ್ತದೆ ಅಂತ ಇನ್ನೂ ಯಾರೂ ತೋರ್ಸಿಲ್ಲ, ಗಾಯ ಆದ್ರೆ ಆಸ್ಪತ್ರೆಗೆ ಹೋಗಿ' ಅಂತ ಹೇಳಿದ್ದೆ. ಅದನ್ನ ಕತ್ತರಿಸಿ ಬಿಸಾಕವ್ರೆ."

ಪವಿತ್ರ ಮೆಲ್ಲಗೆ ಅಂದಳು. "ನಿನ್ನ ದನಿ ಅಂತ್ಲೇ ಅತ್ತೆ ನಂಬಿದ್ದು ಕಣೇ. ಬೇರೆ ಯಾರೇ ಹೇಳಿದ್ರೂ ಅವ್ರು ಮಾತ್ರೆ ಬಿಡ್ತಿರ್ಲಿಲ್ಲ."

ಅನುಪಮಾಳನ್ನು ಎತ್ತಿ ಆಡಿಸಿದ ಕೈಗೆ ಅವಳ ದನಿಯಿಂದಲೇ ಮೋಸ ಮಾಡಿಸಿದ್ದರು. ಆದರೆ ಸಿಟ್ಟಿಗೆ ಆಗ ಹೊತ್ತಿರಲಿಲ್ಲ. ಅವಳೇ 108 ಆಂಬುಲೆನ್ಸಿಗೆ ಫೋನ್ ಮಾಡಿದಳು. ರೇವಣ್ಣ ಇನ್ನೂ, "ಗಂಗರಾಜುನ ಒಂದು ಮಾತು ಕೇಳಾನ" ಎನ್ನುತ್ತಿದ್ದ. ಪವಿತ್ರ ಫೋನ್ ಮಾಡಿದ್ದಕ್ಕೆ ತಿಪಟೂರಿನಿಂದ ಓಡಿಬಂದ ಮೋಹನ್ ಅಪ್ಪನನ್ನು ತಡೆದು, "ಸಾಕು ಬುಡಪ್ಪ" ಎಂದು ಅವ್ವನನ್ನು ಎತ್ತಿ ಆಂಬುಲೆನ್ಸಿನಲ್ಲಿ ಮಲಗಿಸಿದ.

ತುರುವೇಕೆರೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಸಕ್ಕರೆ ಮಿತಿ ಮೀರಿತ್ತು, ಗಾಯದ ನಂಜು ರಕ್ತಕ್ಕೆ ಇಳಿದಿತ್ತು. ಇನ್ಸುಲಿನ್, ಆಂಟಿಬಯೊಟಿಕ್ ಶುರು ಮಾಡಿ ಕೂಡಲೇ ತುಮಕೂರಿಗೆ ಕಳಿಸಿದರು. ತುಮಕೂರಿನ ಡಾಕ್ಟರು ಪಾದ ನೋಡಿ ಮನೆಯವರನ್ನು ಹೊರಗೆ ಕರೆದರು.

"ಎರಡು ಬೆರಳು ಉಳಿಯಲ್ಲ. ಪಾದ ಉಳಿಸೋಕೆ ಪ್ರಯತ್ನ ಮಾಡ್ತೀವಿ. ಗಾಯ ಆದ ದಿನವೇ ಬಂದಿದ್ರೆ ಚೆನ್ನಾಗಿ ತೊಳೆದು, ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸ್ತಿದ್ವಿ" ಎಂದರು.

ದಿನವೂ ಹೋಗೋಣ ಎಂದ ಸೊಸೆಯ ಮುಖವನ್ನು ರೇವಣ್ಣ ನೋಡಲಾರದೆ ಹೋದ.

ಬೆರಳುಗಳನ್ನು ತೆಗೆದರು. ಜ್ವರ ಇಳಿದು ಸಿದ್ದಮ್ಮ ಎಲ್ಲರನ್ನೂ ಗುರುತು ಹಿಡಿಯತೊಡಗಿದ ಮೇಲೆ ಗಂಗರಾಜು ಅಕ್ಕನನ್ನು ನೋಡಲು ಬಂದ. ಕೈಯಲ್ಲಿ ಬಾಳೆಹಣ್ಣಿನ ಚೀಲ. ಚೀಲದಲ್ಲಿ ಹಣ್ಣಿನ ಜೊತೆ ಇನ್ನೊಂದು ಹಸಿರು ಬಾಟಲಿ. ಅವನನ್ನು ಏನೆಂದು ಕರೆಯುತ್ತೀರೋ ನೀವೇ ಹೇಳಿ.

ಅನುಪಮಾ ಬಾಟಲಿ ಕಿತ್ತುಕೊಂಡಳು. "ಇನ್ನೂ ಬುಟ್ಟಿಲ್ವಾ ಮಾವ ಇದನ್ನ?"

"ನೀನು ಓದಿರೋಳು ಹಿಂಗಂದ್ರೆ ಎಂಗೆ? ನಮ್ಮವ್ವ ಗಾಯಕ್ಕೆ ಸೊಪ್ಪು ಹಿಂಡ್ತಿರ್ಲಿಲ್ವಾ? ಎಲೇಲಿ ಶಕ್ತಿ ಇಲ್ಲ ಅಂತೀಯಾ?"

"ಇಲ್ಲ ಅಂತ ನಾನು ಅಂದಿಲ್ಲ. ಎಲೇಲಿ ಗುಣ ಐತೆ, ಅದಕ್ಕೇ ಅಲ್ವಾ ನಾನು ಹಗಲೆಲ್ಲ ಅದರ ಹಿಂದೆ ಬಿದ್ದಿರೋದು. ಆದ್ರೆ ತಟ್ಟೆ ಬೇರೆ, ಮೈ ಬೇರೆ. ನಾವು ಎಲೆ ಒಣಗ್ಸಿ, ಪುಡಿ ಮಾಡಿ, ಸ್ಪಿರಿಟ್‌ನಲ್ಲಿ ನೆನೆಸಿ ಸಾರ ತೆಗೀತೀವಿ. ತಟ್ಟೇಲಿ ಬ್ಯಾಕ್ಟೀರಿಯಾ ಬೆಳೆಸಿ ಅದರ ಮೇಲೆ ಬಿಡ್ತೀವಿ. ಆ ತಟ್ಟೇಲಿ ರಕ್ತ ಇಲ್ಲ, ಮಾಂಸ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಅದೇ ತಟ್ಟೇಲಿ ಫಿನಾಯಿಲ್ ಬಿಟ್ರೂ ಸುತ್ತ ಬ್ಯಾಕ್ಟೀರಿಯಾ ಸಾಯ್ತದೆ. ಹಂಗಂತ ಫಿನಾಯಿಲ್ ಕುಡಿಸ್ತೀಯಾ ನಿಮ್ಮಕ್ಕಂಗೆ?"

ಗಂಗರಾಜು ಬೇರೆ ಮಾತು ಎತ್ತಿದ. "ಅದೇನೋ ಆಂಟಿಆಕ್ಸಿಡೆಂಟ್ ಅಂತಾರಲ್ಲ. ಅದು ಇದ್ರೆ ಸಕ್ಕರೆನೂ ಇಳೀತದೆ ಅಂತ ಅವ್ನು ಹೇಳ್ದ."

"ಕೊಬ್ಬರಿ ಎಣ್ಣೆ ಗಾಳಿಗೆ ಬಿಟ್ರೆ ಏನಾಗ್ತದೆ?"

"ಕಮಟಾಗ್ತದೆ."

"ಗಾಳಿ ತಾಗಿ ಹಂಗೆ ಕೆಡೋದನ್ನ ನಿಧಾನ ಮಾಡೋ ಗುಣಕ್ಕೆ ಆಂಟಿಆಕ್ಸಿಡೆಂಟ್ ಅಂತಾರೆ. ನಮ್ಮ ಮೈಯೊಳಗೂ ಆ ಥರ ಕೆಡೋದು ನಡೀತಾ ಇರ್ತದೆ. ನುಗ್ಗೆ ಸೊಪ್ಪಲ್ಲಿ ಆ ಗುಣ ಐತೆ, ನೆಲ್ಲಿಕಾಯಲ್ಲಿ ಐತೆ, ನೀನು ಕುಡಿಯೋ ಟೀಲೂ ಐತೆ. ಸೊಪ್ಪು ತಿನ್ನು, ಒಳ್ಳೇದು. ಅದು ಊಟ ಕಣ್ ಮಾವ. ಸಕ್ಕರೆ ಮಾತ್ರೆ ಮಾಡೋ ಕೆಲ್ಸನ ಅದು ಮಾಡಲ್ಲ."

ಮಂಚದ ಮೇಲಿಂದ ಸಿದ್ದಮ್ಮ ಕ್ಷೀಣವಾಗಿ ಹೇಳಿದಳು. "ಅವ್ವ ಸೊಪ್ಪು ಹಿಂಡ್ತಿದ್ಲು, ದಿಟ. ನಮ್ಮ ಚಿಕ್ಕಪ್ಪ ಮಟ್ಟೆ ಗೀರಿ ದನುರ್ವಾಯು ಆಗಿ ಹೋದ್ನಲ್ಲ, ಅವತ್ತೂ ಸೊಪ್ಪೇ ಹಿಂಡಿದ್ಲು. ಅದನ್ಯಾಕೆ ಮರ್ತ್ಯೋ ಗಂಗ?"

ಬದುಕಿದವರ ಕಥೆಯನ್ನಷ್ಟೇ ನಾವು ಹೇಳಿಕೊಂಡು ಬಂದಿದ್ದೇವೆ. ಹಳೇ ಕಾಲದಲ್ಲಿ ಗಾಯ ನಂಜಾಗಿ ಸತ್ತವರು, ಬಾಣಂತನದಲ್ಲಿ ಹೋದವರು ತಿರುಗಿ ಬಂದು ಸಾಕ್ಷಿ ಹೇಳುವುದಿಲ್ಲ.

ಅನುಪಮಾ ಆ ಬಾಟಲಿಯನ್ನು ಬಿಸಾಡಲಿಲ್ಲ. ತನ್ನ ಪ್ರಯೋಗಾಲಯಕ್ಕೆ ಒಯ್ದಳು. ಅವಳಿಗೆ ಕಲಿಸುವ ಗಿರಿಜಾಂಬಿಕಾ ಮೇಡಂ ಎದುರಿನಲ್ಲೇ ಮುಚ್ಚಳ ತೆಗೆದು, ಉಳಿದ ಎಲೆ ಸಾರಗಳಿಗೆ ಮಾಡುವ ಪರೀಕ್ಷೆಯನ್ನೇ ಇದಕ್ಕೂ ಮಾಡಿದಳು. ತಟ್ಟೆಯಲ್ಲಿ ಸುತ್ತು ಬರಲಿಲ್ಲ. ಒಂದು ಬ್ಯಾಕ್ಟೀರಿಯಾವೂ ಸಾಯಲಿಲ್ಲ. ಬ್ಯಾಕ್ಟೀರಿಯಾ ಬಿತ್ತದೆ, ಅದು ಬೆಳೆಯಲು ಬೇಕಾದ ಆಹಾರದ ಪದರವನ್ನಷ್ಟೇ ಹಾಕಿದ ತಟ್ಟೆಗೆ ಆ ರಸ ಬಿಟ್ಟು ಇಟ್ಟರು. ಮಾರನೆಯ ದಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದಿದ್ದವು. ಬಾಟಲಿಯೇ ಕೊಳೆತಿತ್ತು. ಕೊಳಕು ನೀರಿಗೆ ಹಸಿರು ಬಣ್ಣ, ಒಂದಿಷ್ಟು ಎಲೆ ಪುಡಿ. ಅದನ್ನು ಒಬ್ಬ ಹೆಂಗಸಿನ ತೆರೆದ ಗಾಯಕ್ಕೆ ದಿನವೂ ಸುರಿಸಿದ್ದರು. ಅದನ್ನೇ ಕುಡಿಸಿದ್ದರು.

ಗಿರಿಜಾಂಬಿಕಾ ಮೇಡಂ ತಟ್ಟೆಗಳ ಫೋಟೊ ತೆಗೆಸಿ, "ನಾವು ಒಂದು ಎಲೆಯ ಗುಣ ಹೇಳಬೇಕಾದರೆ ವರ್ಷಗಟ್ಟಲೆ ಕಾಯುತ್ತೇವೆ. ಹೇಳುವಾಗಲೂ ಹೆದರಿ ಹೆದರಿ ಹೇಳುತ್ತೇವೆ. ಇವರಿಗೆ ಯಾವ ಹೆದರಿಕೆಯೂ ಇಲ್ಲ" ಎಂದರು.

ಸಿದ್ದಮ್ಮ ಮನೆಗೆ ಬಂದು, ಊರುಗೋಲು ಹಿಡಿದು ಅಂಗಳದವರೆಗೆ ನಡೆಯುವ ಹೊತ್ತಿಗೆ ಪವಿತ್ರಳಿಗೆ ತವರಿನಿಂದ ಫೋನ್ ಬಂತು. ಪವಿತ್ರಳ ತವರು ತಿಪಟೂರಿನ ಹತ್ತಿರದ ಬಿಳಿಗೆರೆ. ಹಸಿರು ಬಾಟಲಿಯ ವ್ಯಾನು ಮರುದಿನ ಮತ್ತೆ ಅಲ್ಲಿಗೆ ಬರುತ್ತದೆ, ಇನ್ನೊಂದು ಸಭೆ ಇದೆ ಎಂದು ಅವಳ ತಾಯಿ ಚಿಕ್ಕಗೌರಮ್ಮ ಹೇಳಿದರು.

"ನಾನೂ ಬತ್ತೀನಿ" ಎಂದಳು ಸಿದ್ದಮ್ಮ.

"ಈ ಕಾಲಲ್ಲಾ ಅತ್ತೆ?"

"ಈ ಕಾಲೇ ಬರ್ಬೇಕು ಕಣೇ ಅಲ್ಲಿಗೆ. ನಿಮ್ಮ ಬಾಯಿ ಮಾತು ಯಾರು ಕೇಳ್ತಾರೆ?"

ಮೋಹನ್ ಬಾಡಿಗೆ ಕಾರು ತಂದ. ರೇವಣ್ಣ ತಾನಾಗಿಯೇ ಹೆಂಡತಿಯ ಪಕ್ಕ ಹತ್ತಿ ಕುಳಿತ. ಅನುಪಮಾ ತುಮಕೂರಿನಿಂದ ನೇರವಾಗಿ ಬಂದಳು.

ಬಿಳಿಗೆರೆಯಲ್ಲೂ ಅದೇ ಇಸ್ತ್ರಿ ಅಂಗಿ, ಅದೇ ಮಾತು. ಹೆಂಗಸರೇ ಹೆಚ್ಚು ಸೇರಿದ್ದರು. ಪರದೆಯ ಮೇಲೆ ತಟ್ಟೆ ಬಂತು, ಬೆರಳು ಬಂತು, ದನಿ ಬಂದು ನಿಂತಿತು. ಜ್ಞಾನೇಶ್ ಮೈಕು ಸರಿಮಾಡಿಕೊಳ್ಳುವಷ್ಟರಲ್ಲಿ ಅನುಪಮಾ ಎದ್ದು ನಿಂತಳು.

"ಅದು ನನ್ನ ದನಿ. ಆ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಮುಂದಿಂದು ನಾನು ಹೇಳ್ತೀನಿ, ಎಲ್ಲರೂ ಕೇಳಿ." ಕತ್ತರಿಸಿದ್ದ ಮಾತನ್ನು ಅವಳು ಇಡಿಯಾಗಿ ಹೇಳಿದಳು. ಇದು ಔಷಧ ಅಲ್ಲ. ತಟ್ಟೆಯಲ್ಲಿ ಆದದ್ದು ಮೈಯಲ್ಲಿ ಆಗುತ್ತದೆ ಎಂದು ಇನ್ನೂ ಯಾರೂ ತೋರಿಸಿಲ್ಲ. ಗಾಯವಾದರೆ ಆಸ್ಪತ್ರೆಗೆ ಹೋಗಿ. ಆಮೇಲೆ ಬಾಟಲಿಯ ರಸದಿಂದ ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಫೋಟೊವನ್ನು ಫೋನಿನಲ್ಲಿ ಸಾಲಿನ ಹೆಂಗಸರಿಗೆ ಕೊಟ್ಟಳು. ಫೋನು ಕೈಯಿಂದ ಕೈಗೆ ಹೋಯಿತು.

ಜ್ಞಾನೇಶ್ ನಗುತ್ತಲೇ ಹೇಳಿದ. "ಮೇಡಂ, ತಪ್ಪು ತಿಳ್ಕೊಂಡಿದೀರ. ನಾವು ಔಷಧಿ ಅಂತ ಎಲ್ಲೂ ಹೇಳಿಲ್ಲ. ಬಾಟಲಿ ಮೇಲೆ ಇಂಗ್ಲಿಷಲ್ಲಿ ಬರೆದಿದೆ ನೋಡಿ, ಇದು ಆಹಾರ ಪೂರಕ ಅಂತ. ಮಾತ್ರೆ ಬಿಡೋದು ಅವರವರ ಇಷ್ಟ."

ಮಾತು ಮುಗಿಯುವ ಮೊದಲು ಸಿದ್ದಮ್ಮ ಊರುಗೋಲು ಊರಿ ಮುಂದೆ ಬಂದಳು. ಕುರ್ಚಿ ಎಳೆದು ಕುಳಿತು, ಕಾಲಿನ ಬ್ಯಾಂಡೇಜ್ ಕಾಣುವಂತೆ ಚಾಚಿದಳು.

"ಮಾತ್ರೆ ನುಂಗಿದ್ರೆ ಕಿಡ್ನಿ ಹೋಗ್ತದೆ ಅಂತ ಹೇಳ್ದೋನು ನೀನು. ಕನ್ನಡದಲ್ಲಿ ಹೇಳ್ದೆ, ಮೈಕಲ್ಲಿ ಹೇಳ್ದೆ. ಔಸ್ತಿ ಅಲ್ಲ ಅನ್ನಾದನ್ನ ಮಾತ್ರ ಇಂಗ್ಲೀಷಲ್ಲಿ, ಇರುವೆ ಸಾಲಿನಂಗೆ ಬರ್ಸಿದ್ದೀಯ. ನಂಗೆ ಓದಾಕೆ ಬರಲ್ಲ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೇ ಹಂಗೆ ಮಾಡ್ದೆ. ನನ್ನ ಮಗಳಂಥೋಳ ಗಂಟ್ಲನ್ನ ಕುಯ್ದು ನನ್ನ ಮನೇಗೆ ತಂದೆ. ಈಗ ನನ್ನ ಇಷ್ಟ ಅಂತೀಯ. ನನ್ನ ಬೆಳ್ಳು ಹೋಗಿದ್ದು ನನ್ನ ಇಷ್ಟಾನಾ?"

ಅವಳು ಕೂಗಲಿಲ್ಲ. ಆದರೆ ಹಿಂದಿನ ಸಾಲಿನವರೆಗೂ ಕೇಳಿಸಿತು. ಒಬ್ಬ ಮುದುಕಿ ಎದ್ದು, ತಾನೂ ಎರಡು ತಿಂಗಳಿಂದ ಬಿಪಿ ಮಾತ್ರೆ ಬಿಟ್ಟಿದ್ದೇನೆ ಎಂದಳು. ಇನ್ನೊಬ್ಬಳು ಮಗುವಿನ ಕಿವಿಗೆ ಇದೇ ರಸ ಬಿಟ್ಟದ್ದನ್ನು ಹೇಳಿದಳು. ಒಂದೊಂದೇ ಮನೆಯ ಮಾತು ಹೊರಬಿತ್ತು. ಜ್ಞಾನೇಶನ ಮುಖದಿಂದ ನಗು ಇಳಿಯಿತು. ವ್ಯಾನಿನ ಕಡೆ ಸರಿಯುತ್ತಿದ್ದವನ ದಾರಿಗೆ ಹೆಂಗಸರು ಅಡ್ಡ ನಿಂತರು. ಯಾರೂ ಕೈ ಮಾಡಲಿಲ್ಲ. ಪೊಲೀಸರು ಬರುವವರೆಗೆ ಅವನನ್ನು ಕೂರಿಸಿಕೊಂಡರು, ಅಷ್ಟೆ.

ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಮಾಡುವುದೇ ಕಾನೂನಿಗೆ ವಿರುದ್ಧ. ಅನುಪಮಾ, ಪವಿತ್ರ, ಸಿದ್ದಮ್ಮ ಮೂವರೂ ದೂರು ಕೊಟ್ಟರು. ಗಂಗರಾಜು ಸುಮಾರು ದಿನ ತಪ್ಪಿಸಿಕೊಂಡು ತಿರುಗಿದ. ಕೊನೆಗೆ ಅಕ್ಕನ ಮನೆಗೆ ಬಂದು, ತಾನು ಬಾಟಲಿ ಕೊಟ್ಟ ಮನೆಗಳಿಗೆಲ್ಲ ಹೋಗಿ ವಾಪಸ್ ತೆಗೆದುಕೊಂಡಿದ್ದೇನೆ, ಸಾಕ್ಷಿಯನ್ನೂ ಹೇಳುತ್ತೇನೆ ಎಂದ. ಸಿದ್ದಮ್ಮ ಅವನಿಗೆ ಊಟಕ್ಕೆ ಇಟ್ಟಳು. ಮಾತು ಮಾತ್ರ ಆಡಲಿಲ್ಲ. ತನಿಖೆ ಇನ್ನೂ ನಡೆಯುತ್ತಿದೆ. ಜ್ಞಾನೇಶ್ ಜಾಮೀನಿನ ಮೇಲೆ ಹೊರಗಿದ್ದಾನೆ. ಚಿಕ್ಕನಾಯಕನಹಳ್ಳಿ ಕಡೆ ಅಂಥದ್ದೇ ರಸವನ್ನು ಬೇರೆ ಹೆಸರಿನ ಚೀಟಿ ಅಂಟಿಸಿ ಯಾರೋ ಮಾರುತ್ತಿದ್ದಾರೆ ಎಂಬ ಸುದ್ದಿಯೂ ಇದೆ. ಅದಕ್ಕೇ ಈ ಕಥೆಯನ್ನು ನಿಮಗೆ ಹೇಳುತ್ತಿರುವುದು.

ಸಿದ್ದಮ್ಮ ಈಗ ಮೆತ್ತನೆಯ ಚಪ್ಪಲಿ ಹಾಕಿಕೊಂಡೇ ತೋಟಕ್ಕೆ ಹೋಗುತ್ತಾಳೆ. ಸಂಜೆಯಾದರೆ ರೇವಣ್ಣ ಬೆಳಕಿನಲ್ಲಿ ಅವಳ ಎರಡೂ ಪಾದ ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿ, ಹಿಮ್ಮಡಿ ನೋಡುತ್ತಾನೆ. ಮೊದಮೊದಲು ಅವಳಿಗೆ ನಾಚಿಕೆಯಾಗುತ್ತಿತ್ತು. "ಜನ ನೋಡ್ತಾರೆ, ಬುಡಿ" ಎನ್ನುತ್ತಿದ್ದಳು. "ನೋಡ್ಲಿ ಬುಡು, ಅವ್ರೂ ಕಲೀಲಿ" ಎನ್ನುತ್ತಾನೆ ರೇವಣ್ಣ. ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಈಗ ಮೊದಲು ಕೇಳುವುದು ಪವಿತ್ರಳ ಮಾತನ್ನು.

ಅನುಪಮಾ ಸಂಶೋಧನೆ ಬಿಟ್ಟಿಲ್ಲ. ಬೇಲಿ ಸಾಲಿನ ಎಲೆಗಳಿಂದ ಒಂದು ದಿನ ನಿಜವಾದ ಔಷಧಿ ಬರಬಹುದು. ಬರುವುದಾದರೆ ಅದು ಪರೀಕ್ಷೆಗಳನ್ನು ದಾಟಿ, ಅಳತೆ ಗೊತ್ತಾಗಿ, ಡಾಕ್ಟರ ಕೈಯಿಂದ ಬರುತ್ತದೆ. ಮೈಕು ಕಟ್ಟಿಕೊಂಡ ವ್ಯಾನಿನಲ್ಲಿ ಬರುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇನ್ನು ನಿಮ್ಮ ಮನೆಯ ಮಾತು. ಗಾಯವಾದರೆ ಹರಿಯುವ ಶುದ್ಧ ನೀರು, ಸೋಪಿನಿಂದ ತೊಳೆಯಿರಿ. ಒಗೆದು ಒಣಗಿಸಿದ ಬಟ್ಟೆ ಕಟ್ಟಿ. ಎಲೆ ರಸ, ಅರಿಶಿನ, ಸಗಣಿ, ಟೀ ಪುಡಿ ಯಾವುದನ್ನೂ ತೆರೆದ ಗಾಯಕ್ಕೆ ಹಾಕಬೇಡಿ. ಚುಚ್ಚಿದ, ಕೊಯ್ದ ಗಾಯಕ್ಕೆ ಟಿಟಿ ಇಂಜೆಕ್ಷನ್ ಬೇಕೇ ಎಂದು ಅವತ್ತೇ ಆಸ್ಪತ್ರೆಯಲ್ಲಿ ಕೇಳಿ. ಆಯುರ್ವೇದದ ಮೇಲೆ ನಂಬಿಕೆ ಇದ್ದರೆ ಅದನ್ನು ಓದಿದ ವೈದ್ಯರ ಹತ್ತಿರ ಹೋಗಿ. ಏನು ಕುಡಿಯುತ್ತಿದ್ದೀರಿ, ಏನು ಹಚ್ಚುತ್ತಿದ್ದೀರಿ ಎಂಬುದನ್ನು ಯಾವ ವೈದ್ಯರಿಂದಲೂ ಮುಚ್ಚಿಡಬೇಡಿ. ಸಕ್ಕರೆ, ಬಿಪಿ ಮಾತ್ರೆಯನ್ನು ಬಿಡಿ ಎಂದು ಹೇಳುವ ಅಧಿಕಾರ ನಿಮ್ಮ ಡಾಕ್ಟರಿಗೆ ಮಾತ್ರ ಇದೆ. ನೆಂಟನಾಗಲಿ, ಫೋನಿನ ವಿಡಿಯೊ ಆಗಲಿ ಹೇಳಿದರೆ ಕೇಳಬೇಡಿ.

ನಾಳೆ ನಿಮ್ಮ ಊರಿಗೂ ಒಂದು ವ್ಯಾನು ಬರಬಹುದು. ಮೈಕು ಹಿಡಿದವನು ಎಲ್ಲ ಕಾಯಿಲೆಗೂ ಇದೊಂದೇ ಸಾಕು ಎಂದ ಕ್ಷಣವೇ ಎದ್ದು ನಿಲ್ಲಿ. ಯಾರು ಪರೀಕ್ಷೆ ಮಾಡಿದರು, ಯಾವ ರೋಗಿಗಳ ಮೇಲೆ ಮಾಡಿದರು, ಬಾಟಲಿ ಮೇಲೆ ಬರೆದದ್ದನ್ನು ಕನ್ನಡದಲ್ಲಿ ಜೋರಾಗಿ ಓದು ಎಂದು ಕೇಳಿ. ನಿಮ್ಮ ಸಂಘದ ಹೆಂಗಸರೆಲ್ಲ ಒಟ್ಟಿಗೆ ಕೇಳಿ. ಉತ್ತರ ಸಿಗುವವರೆಗೂ ಕೂರಬೇಡಿ.